ರುಚಿ ನೋಡುವ ಕೆಲಸ

ಜನವರಿ 3, 1962, ಬುಧವಾರ

ಹೊಸ ವರ್ಷದ ಡೈರಿ ಕಾಸಿಂ ಸಾಹೇಬರ ಮಂಡಿಯಿಂದ ಈ ಸಲವೂ ಬಂತು. ಮೊದಲೆಲ್ಲ ನಮ್ಮವರ ಹೆಸರಿಗೆ ಬರುತ್ತಿತ್ತು. ಅವರು ಒಂದಕ್ಷರ ಬರೆದವರಲ್ಲ, ಹಾಳೆ ಹರಿದು ಹುರಿದ ಮೀನು ಕಟ್ಟಿಕೊಡುತ್ತಿದ್ದರು. ಈಗ ರಟ್ಟಿನ ಮೇಲೆ ‘ಶ್ರೀಮತಿ ಗುಲಾಬಿ, ಶೀನಪ್ಪನವರ ಊಟದ ಹೋಟೆಲು, ಬಂದರ್’ ಎಂದು ಬರೆದಿದ್ದಾರೆ. ಮಾರ್ಚಿನಲ್ಲಿ ಅವರು ಹೋಗಿ ವರ್ಷವಾಗುತ್ತದೆ. ಮೀನು ಕಟ್ಟಿಕೊಡುವಷ್ಟು ಜನ ಬರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಯಾರಿಗೂ ಹೇಳದ ಒಂದು ವಿಷಯವನ್ನು ಇಲ್ಲಿ ಹೇಳಬಹುದು. ನನಗೆ ರುಚಿ ಗೊತ್ತಾಗುವುದಿಲ್ಲ. ಜ್ವರವಿಲ್ಲ, ನಾಲಗೆಯಲ್ಲಿ ಹುಣ್ಣಿಲ್ಲ, ಮೂಗಿಗೆ ವಾಸನೆ ಬರುತ್ತದೆ. ಬಾಯಿಗೆ ಹಾಕಿದ್ದು ಬಿಸಿಯೋ ತಣ್ಣಗೋ, ಮೆತ್ತಗೋ ಗಟ್ಟಿಯೋ, ಅಷ್ಟು ತಿಳಿಯುತ್ತದೆ. ಮೊದಲು ಗಮನಕ್ಕೇ ಬಂದಿರಲಿಲ್ಲ, ಏಕೆಂದರೆ ನಾನು ಅಡಿಗೆ ಮಾಡುವಾಗ ರುಚಿ ನೋಡುವವಳೇ ಅಲ್ಲ. ನನ್ನ ತವರಿನಲ್ಲಿ ಭೂತಕ್ಕೆ ಬಡಿಸುವ ಅಡಿಗೆಯನ್ನು ಮಾಡುತ್ತ ಕಲಿತವಳು ನಾನು. ಅದನ್ನು ಮೊದಲು ಯಾರೂ ನಾಲಗೆಗೆ ಮುಟ್ಟಿಸುವಂತಿಲ್ಲ. ಅದೇ ಅಭ್ಯಾಸ ಹೋಟೆಲಿಗೂ ಬಂತು. ನಾನು ಪಾತ್ರೆ ಇಳಿಸಿ ದೋಸೆ ಕಲ್ಲಿನ ಕಡೆ ತಿರುಗಿದರೆ ಆಯಿತು, ರುಚಿ ನೋಡುವುದು ನಮ್ಮವರ ಕೆಲಸ. ಸೌಟಿನಿಂದ ಪಾತ್ರೆಯ ಬಾಯಿಗೆ ಎರಡು ಸಲ ಬಡಿದು, “ಸರಿ ಉಂಟು” ಎನ್ನುತ್ತಿದ್ದರು. ಯಾವತ್ತೂ ಬೇರೆ ಮಾತು ಹೇಳಿದ್ದಿಲ್ಲ. ನನ್ನ ಕೈಯೇ ಅಂಥದ್ದು ಎಂದುಕೊಂಡಿದ್ದೆ.

ಜನವರಿ 9, ಮಂಗಳವಾರ

ಮಂಜಿ ದೋಣಿ ನಡೆಸುವ ಮೊಯ್ದೀನಬ್ಬ ಬಂದಿದ್ದರು. ಹಾಯಿ ಇಳಿಸಿ ದಡಕ್ಕೆ ಬಂದ ದಿನ ಅವರ ಊಟ ನಮ್ಮಲ್ಲೇ, ಹೋಟೆಲು ತೆರೆದ ವರ್ಷದಿಂದ. ಬಂಗುಡೆ ಮೀನಿನ ಪುಳಿಮುಂಚಿಗೆ ಅನ್ನ ಕಲಸಿ ಎರಡು ತುತ್ತು ತಿಂದು ಕೈ ನಿಲ್ಲಿಸಿದರು.

“ಗುಲಾಬಕ್ಕ, ಬೇಜಾರು ಮಾಡ್ಬೇಡಿ. ಶೀನಣ್ಣನ ಒಟ್ಟಿಗೆ ಸಾರಿನ ಜೀವವೂ ಹೋಗಿದೆ.”

“ಮೀನು ಹಳತಾ?”

“ಮೀನು ಇವತ್ತಿನದ್ದೇ ಮಾರಾಯ್ತಿ. ಸಾರು ಹಳತು.”

ಬೇಜಾರು ಆಗಬೇಕಿತ್ತು. ಆಗಲಿಲ್ಲ. ಎಲೆ ಎತ್ತಿ, ಬೆಂಚು ಒರೆಸಿ, ಒಳಗೆ ಬಂದೆ.

ಒಳಗೆ ನೆಲ್ಲಿ ಮಸಾಲೆ ಅರೆಯುವುದು ಬಿಟ್ಟು ವಾರಪತ್ರಿಕೆ ಹಿಡಿದುಕೊಂಡಿದ್ದಳು. ಅವಳು ನಮ್ಮಲ್ಲಿ ಅರೆಯಲು ಬರತೊಡಗಿದಾಗ ಅವಳ ಕೊನೆಯ ಮಗಳು ಹುಟ್ಟಿರಲಿಲ್ಲ, ಈಗ ಆ ಮಗಳಿಗೆ ಗಂಡು ನೋಡುತ್ತಿದ್ದಾರೆ. ಪತ್ರಿಕೆಯಲ್ಲಿ ಮಿಸೆಸ್ ಗ್ಲ್ಯಾಡಿಸ್ ಎಂಬವಳ ಅಡಿಗೆ ಪುಟ ಬರುತ್ತದೆ. ಬೆಂಗಳೂರಿನ ರೇಡಿಯೋದಲ್ಲಿ ಮಹಿಳೆಯರ ಕಾರ್ಯಕ್ರಮದಲ್ಲಿಯೂ ಅವಳದೇ ಧ್ವನಿ. ವನಸ್ಪತಿ ಕಂಪೆನಿಯ ಜಾಹೀರಾತಿನಲ್ಲಿ ಅವಳದೇ ಮುಖ. ಮೂಲದಲ್ಲಿ ಮಂಗಳೂರಿನವಳೇ ಅಂತೆ. ನೆಲ್ಲಿಗೆ ಅವಳೆಂದರೆ ಇಗರ್ಜಿಯ ಮಾತೆಯಿಂದ ಒಂದೇ ಮೆಟ್ಟಿಲು ಕೆಳಗೆ.

“ನೋಡಿ ಗುಲಾಬಕ್ಕ, ಇದು ಅವರದ್ದೇ ಸ್ವಂತ ಶೋಧನೆ ಅಂತೆ. ‘ಕೋಸ್ಟಲ್ ಚಿಕನ್ ಕ್ರಿಸ್ಪ್’.”

ಓದಿಸಿದೆ. ನಮ್ಮ ಕೋರಿ ರೊಟ್ಟಿ. ರೊಟ್ಟಿಯನ್ನು ಚೂರು ಮಾಡಿ ಮೇಲೆ ಒಂದು ಟೊಮೆಟೋ ಇಟ್ಟಿದ್ದಾಳೆ, ಅದು ಶೋಧನೆ.

ಜನವರಿ 17, ಬುಧವಾರ

ಚಿತ್ತರಂಜನ ಬಂದಿದ್ದ. ನಮ್ಮವರ ಅಕ್ಕನ ಮಗ. ನಮಗೆ ಮಕ್ಕಳಿಲ್ಲ, ಅಳಿಯಕಟ್ಟಿನ ಲೆಕ್ಕದಲ್ಲಿ ಹೋಟೆಲಿನ ವಿಷಯದಲ್ಲಿ ಮಾತಾಡುವ ಹಕ್ಕು ಅವನಿಗೆ ಉಂಟು. ಮಣ್ಣಗುಡ್ಡೆಯಲ್ಲಿ ಮನೆ ಮಾಡಿದ್ದಾನೆ, ಇನ್ಶೂರೆನ್ಸ್ ಕೆಲಸ. ಒಳ್ಳೆಯ ಹುಡುಗ, ಆದರೆ ಪೇಟೆಯಲ್ಲಿ ಹೊಸದಾಗಿ ಕೇಳಿದ ಶಬ್ದವನ್ನು ಮನೆಗೆ ತಾರದೆ ಇರಲಾರ. ಈ ಸಲದ ಶಬ್ದ ‘ಒರಿಜಿನಲ್’.

“ಮಾಮಿ, ಜನ ಬರ್ಬೇಕಾದ್ರೆ ಎಂತಾದ್ರೂ ಒರಿಜಿನಲ್ ಕೊಡ್ಬೇಕು. ಆ ಗ್ಲ್ಯಾಡಿಸ್ ಬಾಯಮ್ಮನ ಹಾಗೆ. ಪುಳಿಮುಂಚಿ ಎಲ್ಲ ಕಡೆ ಉಂಟು.”

ಹೇಳುವುದಾದರೆ ಹೀಗೆ ಹೇಳುತ್ತಿದ್ದೆ: ಮೀನು ಸಮುದ್ರದ್ದು, ಮೆಣಸು ಘಟ್ಟದ ಮೇಲಿನದ್ದು, ಹುಳಿ ಮರದ್ದು, ಅರೆಯುವ ಕೈ ನೆಲ್ಲಿಯದ್ದು. ಇದರಲ್ಲಿ ನನ್ನದು ಎಂದು ಎಂತ ಉಂಟು, ಒಲೆಯ ಮುಂದೆ ನಿಲ್ಲುವುದೊಂದು. ಅಡಿಗೆಯಲ್ಲಿ ಸ್ವಂತದ್ದು ಎಂದು ಎದೆ ತಟ್ಟಿಕೊಳ್ಳುವವರು ಒಂದೋ ತಾಯಿಯನ್ನು ಮರೆತಿರಬೇಕು, ಇಲ್ಲವೋ ನೆರೆಮನೆಯವಳನ್ನು. ಹಾಗೆಂದು ಬಂದರಿನಲ್ಲಿ ಯಾರಾದರೂ ಗುಲಾಬಕ್ಕನ ಪುಳಿಮುಂಚಿ ಎಂದರೆ ನಾನು ಬೇಡವೆಂದದ್ದೂ ಇಲ್ಲ.

ಇಷ್ಟನ್ನೆಲ್ಲ ಯೋಚಿಸಿದ್ದು ಅವನು ಹೋದ ಮೇಲೆ. ಅವನೆದುರು ಬರೇ ತಲೆಯಾಡಿಸಿದೆ.

ಜನವರಿ 24, ಬುಧವಾರ

ನೆಲ್ಲಿಯ ಕಾಟ ತಡೆಯಲಾರದೆ ಮಧ್ಯಾಹ್ನ ಕಾಸಿಂ ಸಾಹೇಬರ ಮನೆಗೆ ರೇಡಿಯೋ ಕೇಳಲು ಹೋದೆ. ಅವರ ಮನೆ ನಮ್ಮ ಹೋಟೆಲಿನ ಹಿತ್ತಿಲಿಗೆ ಅಂಟಿಕೊಂಡೇ ಉಂಟು. ಅವರ ಹೆಂಡತಿ ಮುಮ್ತಾಝ್ ಬಾಗಿಲಲ್ಲೇ ಕೈ ಹಿಡಿದುಕೊಂಡಳು. ರೇಡಿಯೋ ಕರಕರ ಎನ್ನುತ್ತಿತ್ತು, ನಡುನಡುವೆ ಗ್ಲ್ಯಾಡಿಸ್ ಬರುತ್ತಿದ್ದಳು.

ಮಾತು ಚೆಂದ, ಅದನ್ನು ಒಪ್ಪಬೇಕು. “ಈಗ ಈರುಳ್ಳಿ ನಿಮ್ಮೊಡನೆ ಮಾತಾಡುವವರೆಗೆ ಕಾಯಿರಿ” ಎಂದಳು. ನೆಲ್ಲಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ನನ್ನೊಡನೆ ಈ ವರ್ಷ ಒಂದು ಈರುಳ್ಳಿಯೂ ಮಾತಾಡಿದ್ದಿಲ್ಲ. ರೇಡಿಯೋದಲ್ಲಿ ಅಡಿಗೆ ಕೇಳಿ ಬಾಯಲ್ಲಿ ನೀರೂರಿಸಿಕೊಳ್ಳುವ ಜನರನ್ನು ನೋಡಿದರೆ ನನಗೆ ಅರ್ಥವಾಗುವುದಿಲ್ಲ. ಕೇಳಿದ್ದಷ್ಟೇ, ನಾಲಗೆಗೆ ಎಂತದೂ ಸಿಗುವುದಿಲ್ಲ. ಆಮೇಲೆ ಅನ್ನಿಸಿತು, ನನಗೆ ಎದುರಿಗೆ ಬಡಿಸಿದ ಊಟವೂ ಅದೇ ರೀತಿ ಅಲ್ಲವೇ.

ಮುಮ್ತಾಝ್ ಮಾತ್ರ ಕೇಳಿ ಮುಗಿಸಿ, “ಉಪ್ಪು ಯಾವಾಗ ಹಾಕ್ಬೇಕು ಅಂತ ಹೇಳ್ಲೇ ಇಲ್ಲ ಇವಳು” ಎಂದಳು.

ಜನವರಿ 30, ಮಂಗಳವಾರ

ಇವತ್ತು ಗೊತ್ತಾಗಿ ಹೋಯಿತು.

ಚಿತ್ತರಂಜನ ಬಂದಿದ್ದ, ನೆಲ್ಲಿ ಕಾಫಿ ಮಾಡಿದಳು. ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಪುಡಿ ಉಪ್ಪಿನ ಡಬ್ಬಿ ಇಟ್ಟದ್ದು ನಾನೇ. ಅವನು ಒಂದು ಗುಟುಕು ಕುಡಿದು ಅಂಗಳಕ್ಕೆ ಓಡಿ ಉಗುಳಿದ. ತಿರುಗಿ ಬಂದು ನೋಡಿದರೆ ನನ್ನ ಲೋಟ ಖಾಲಿ. “ಸಕ್ಕರೆ ಸಾಕಾ ಮಗ?” ಎಂದು ಬೇರೆ ಕೇಳಿದ್ದೆನಂತೆ.

ನೆಲ್ಲಿ ಶಿಲುಬೆ ಗುರುತು ಹಾಕಿಕೊಂಡಳು. ಚಿತ್ತರಂಜನ ಬೆಂಚಿನ ಮೇಲೆ ಕುಳಿತ.

“ಎಷ್ಟು ಸಮಯದಿಂದ ಮಾಮಿ?”

“ನಿನ್ನ ಮಾವ ಹೋದಾಗಿನಿಂದ ಇರಬೇಕು.”

“ಡಾಕ್ಟರಿಗೆ ತೋರಿಸಿದಿರಾ?”

“ಎಂತ ತೋರಿಸುವುದು? ನಾಲಗೆ ಉಂಟಲ್ಲ.”

ಅವನು ಬೈಯಲಿಲ್ಲ, ಬೈದಿದ್ದರೆ ಆಗುತ್ತಿತ್ತು. ಮೆಲ್ಲ ಹೇಳಿದ, “ಮಾರ್ಚಿನಲ್ಲಿ ಮಾವನಿಗೆ ವರ್ಷದ ದಿನ ಎಲೆ ಹಾಕಿ ಬಳಸುವುದು ಉಂಟಲ್ಲ, ಅದರವರೆಗೆ ನಡೆಸಿ. ಮತ್ತೆ ಅಡಿಗೆಕೋಣೆ ಮುಚ್ಚುವ. ಎದುರಿನ ಕೋಣೆ ಯಾರಿಗಾದರೂ ಸೋಡಾ-ಐಸ್‌ಕ್ರೀಂ ಅಂಗಡಿಗೆ ಕೊಡ್ತೇನೆ. ನೀವು ಮಣ್ಣಗುಡ್ಡೆಗೆ ಬನ್ನಿ. ನಾಲಗೆ ವಾಪಾಸು ಬಂದ್ರೆ ನಾನು ಯಾಕೆ ಮುಚ್ತೇನೆ ಮಾಮಿ? ಆದ್ರೆ ರುಚಿ ಗೊತ್ತಾಗದವರು ಹೋಟೆಲಿನಲ್ಲಿ ಅಡಿಗೆ ಮಾಡುವುದು ಹೇಗೆ?”

ಆಗಲಿ ಎಂದೆ. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ಅಡಿಗೆಕೋಣೆ ಇಲ್ಲದಿದ್ದರೆ ಬೆಳಿಗ್ಗೆ ಎದ್ದು ನಾನು ಹೋಗುವುದು ಎಲ್ಲಿಗೆ? ಮಣ್ಣಗುಡ್ಡೆಯ ಮನೆಯಲ್ಲಿ ಅವನ ಹೆಂಡತಿ ಸ್ನೇಹಲತಾ ಸೀಮೆಎಣ್ಣೆ ಸ್ಟವ್ ಇಟ್ಟುಕೊಂಡಿದ್ದಾಳೆ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಅಲ್ಲಿ ನಾನು ಸೊಪ್ಪು ಬಿಡಿಸಿಕೊಂಡು ಕುಳಿತಿರುವುದನ್ನು ಕಣ್ಣೆದುರು ತಂದುಕೊಂಡೆ. ಚೆನ್ನಾಗಿ ಕಾಣಿಸಿತು. ಇದು ನನಗೆ ಬೇಡ ಎಂದು ಬರೆಯುತ್ತಿದ್ದೇನೆ, ಬಾಯಲ್ಲಿ ಹೇಳುವ ಶಕ್ತಿ ಬರಲಿಲ್ಲ.

ಫೆಬ್ರವರಿ 6, ಮಂಗಳವಾರ

ಅಷ್ಟಗ್ರಹ ಕೂಟ ಮುಗಿಯಿತು. ಎಂಟು ಗ್ರಹ ಒಟ್ಟು ಸೇರಿ ಲೋಕ ಮುಳುಗುತ್ತದೆಂದು ಊರೆಲ್ಲ ಭಜನೆ, ಹೋಮ. ಕೂಳೂರು ಸೇತುವೆ ಮೊದಲು ಬೀಳುತ್ತದೆಂದು ಯಾರೋ ಹೇಳಿ ಆಚೆಯ ಜನ ಪೇಟೆಗೇ ಬರಲಿಲ್ಲ. ನಾನೂ ಯಾಕೆ ಸುಮ್ಮನೆ ಎಂದು ಅಕ್ಕಿ ನೆನೆಹಾಕಲಿಲ್ಲ.

ಲೋಕ ಮುಳುಗಲಿಲ್ಲ. ಬೆಳಿಗ್ಗೆ ದೋಸೆಗೆ ಹಿಟ್ಟಿಲ್ಲ.

ಫೆಬ್ರವರಿ 8, ಗುರುವಾರ

ಬ್ಯಾರಿಗಳ ನೋಂಬು ಸುರುವಾಗಿದೆ, ರಂಜಾನಿನ ಉಪವಾಸ. ಹಗಲು ಬಂದರ್ ಅರ್ಧ ಮಲಗಿದ ಹಾಗೆ. ನಮ್ಮಲ್ಲಿ ಮಧ್ಯಾಹ್ನ ಬೆರಳೆಣಿಕೆಯ ಗಿರಾಕಿಗಳು.

ಸಂಜೆ ಹಿತ್ತಿಲಿನ ಬಾಗಿಲಿನಿಂದ ಮುಮ್ತಾಝಳ ಅಡಿಗೆಕೋಣೆಗೆ ಹೋದೆ. ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ಆದರೆ ಇವತ್ತು ಕಣ್ಣಿಗೆ ಬಿತ್ತು. ದೊಡ್ಡ ಪಾತ್ರೆಯಲ್ಲಿ ಮಾಂಸ, ಇನ್ನೊಂದರಲ್ಲಿ ಗಂಜಿ, ಮನೆಯವರಿಗೂ ಮಂಡಿಯವರಿಗೂ ಸೇರಿ. ಬೆಳಗಿನಿಂದ ತೊಟ್ಟು ನೀರು ಕುಡಿಯದ ಹೆಂಗಸು ಅಷ್ಟನ್ನೂ ಬೇಯಿಸಿ ಇಳಿಸಿದಳು. ಒಂದು ಸಲವೂ ಸೌಟು ಬಾಯಿಯ ಹತ್ತಿರ ಹೋಗಲಿಲ್ಲ.

“ಉಪ್ಪು ಸರಿ ಉಂಟೋ ಇಲ್ಲವೋ, ಹೇಗೆ ಗೊತ್ತಾಗ್ತದೆ ನಿನಗೆ?”

“ನಾಲಗೆ ತುದಿಗೆ ಮುಟ್ಟಿಸಿ ಉಗುಳಬಹುದು ಅಂತಾರೆ ಕೆಲವರು. ನಮ್ಮ ಉಮ್ಮ ಬಿಡ್ತಿರಲಿಲ್ಲ. ರುಚಿ ನೋಡ್ಬೇಕಾದ್ರೆ ಅಡಿಗೆ ಬರುವುದಿಲ್ಲ ಅಂತ ಅರ್ಥ ಅಂತಿದ್ರು.”

“ನನಗೆ ನಾಲಗೆ ಹೋಗಿದೆ ಮುಮ್ತಾಝ್.”

ಹೇಗೆ ಬಾಯಿಂದ ಬಂತೋ. ಅವಳು ಅಯ್ಯೋ ಎನ್ನಲಿಲ್ಲ. ಮುಖ ನೋಡಿ, “ಹಾಗಾದ್ರೆ ನಿಮಗೆ ವರ್ಷವಿಡೀ ನೋಂಬು” ಎಂದಳು. ಆಮೇಲೆ, “ನಾಳೆ ಬೇಗ ಬನ್ನಿ. ಕಲಿಸ್ತೇನೆ.”

ಮಸೀದಿಯ ಬಾಂಗು ಕೇಳಿಸಿತು. ಅವಳು ಖರ್ಜೂರ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನನಗೂ ಒಂದು ಕೊಟ್ಟಳು. ಮೆತ್ತಗಿತ್ತು.

ಫೆಬ್ರವರಿ 13, ಮಂಗಳವಾರ

ಮುಮ್ತಾಝ್ ಹೇಳಿಕೊಟ್ಟದ್ದು: ಉಪ್ಪನ್ನು ಹರಳಾಗಿ ಎಸೆಯಬಾರದು. ಬಿಸಿನೀರಿನಲ್ಲಿ ಕರಗಿಸಿ, ದಿನಾ ಒಂದೇ ತೆಂಗಿನ ಚಿಪ್ಪಿನಲ್ಲಿ ಅಳೆದು ಹಾಕಬೇಕು. ಮೀನಿನ ತೂಕಕ್ಕೆ ಇಷ್ಟು, ನೀರಿಗೆ ಇಷ್ಟು. ಹಾಕಿದ ಮೇಲೆ ಪಾತ್ರೆಯ ಮೇಲೆ ಬಗ್ಗಿ ಮೂಸಬೇಕು. ಉಪ್ಪು ಸಾಲದ ಸಾರಿನಲ್ಲಿ ಹಸಿ ಮೆಣಸು ಮುಂದೆ ನಿಂತಿರುತ್ತದೆ. ಉಪ್ಪು ಸರಿಯಾದರೆ ಹುಳಿ ಎದ್ದು ಬರುತ್ತದೆ, ಮೆಣಸು ಹಿಂದೆ ಸರಿಯುತ್ತದೆ.

“ನಿಮ್ಮ ಕೈ ಹಿಡಿತ ಜಾಸ್ತಿ ಗುಲಾಬಕ್ಕ” ಎಂದಳು ನಾನು ಉಪ್ಪು ತೆಗೆಯುವುದನ್ನು ನೋಡಿ. “ಇಷ್ಟು ಕಮ್ಮಿ ಹಾಕಿ ಇಷ್ಟು ವರ್ಷ ಹೋಟೆಲು ಹೇಗೆ ನಡೆಸಿದಿರಿ?”

ನನ್ನ ಕೈಗೆ ಯಾರೂ ಈವರೆಗೆ ಆ ಮಾತು ಹೇಳಿದ್ದಿಲ್ಲ. ಮುಖ ಸ್ವಲ್ಪ ಬಿಸಿಯಾಯಿತು.

ಫೆಬ್ರವರಿ 20, ಮಂಗಳವಾರ

ದಿನಾ ಹೋಗುತ್ತಿದ್ದೇನೆ. ಬರೆಯಲು ವಿಶೇಷವಿಲ್ಲ. ಚುನಾವಣೆಯ ಮೈಕು ಬೀದಿಯಲ್ಲಿ ಬೊಬ್ಬೆ ಹಾಕುತ್ತಿದೆ. ಈರುಳ್ಳಿ ಮೆತ್ತಗಾಗುವಾಗ ಶಬ್ದ ತಗ್ಗುತ್ತದೆ, ಆ ಮೈಕಿನ ನಡುವೆ ಅದನ್ನು ಕೇಳಿಸಿಕೊಳ್ಳಲು ಕಿವಿ ಹತ್ತಿರ ತರಬೇಕು.

ಫೆಬ್ರವರಿ 23, ಶುಕ್ರವಾರ

ಸಂಜೆ ನೋಂಬು ಬಿಟ್ಟ ಮೇಲೆ ಮೊಯ್ದೀನಬ್ಬ ಬಂದರು. ಪುಳಿಮುಂಚಿ ಬಡಿಸಿ ಎದುರೇ ನಿಂತೆ. ಪೂರ್ತಿ ಉಂಡರು. ಬೆರಳು ನೆಕ್ಕಲಿಲ್ಲ.

“ಉಪ್ಪು ಈಗ ಸರಿ ಉಂಟು. ತಿನ್ಲಿಕ್ಕೆ ಆಗ್ತದೆ. ಆದ್ರೆ ಅದು ಅಲ್ಲ ಗುಲಾಬಕ್ಕ. ಎಂತದೋ ಒಂದು ಇರ್ತಿತ್ತು.”

“ಎಂತ ಅಂತ ಹೇಳಿ, ಹಾಕ್ತೇನೆ.”

“ನಾನು ಮಂಜಿಯವ. ನನಗೆ ಎಂತ ಗೊತ್ತು?”

ಎಂತದೋ ಒಂದು. ಆ ಎಂತದೋ ಒಂದು ನನ್ನ ನಾಲಗೆಯ ಜೊತೆಗೆ ಹೋಗಿರಬೇಕು. ಕಾಲೆಂಡರಿನಲ್ಲಿ ವರ್ಷದ ದಿನಕ್ಕೆ ಚಿತ್ತರಂಜನ ಗುರುತು ಹಾಕಿ ಹೋಗಿದ್ದಾನೆ, ಮಾರ್ಚ್ ಹನ್ನೊಂದು.

ಫೆಬ್ರವರಿ 27, ಮಂಗಳವಾರ

ಗ್ಲ್ಯಾಡಿಸ್ ಮಂಗಳೂರಿಗೆ ಬರುತ್ತಾಳಂತೆ. ಶನಿವಾರ ಬೆಳಿಗ್ಗೆ ಸಿನೆಮಾ ಟಾಕೀಸಿನಲ್ಲಿ ಹೆಂಗಸರೆದುರು ಅಡಿಗೆ ಮಾಡಿ ತೋರಿಸುತ್ತಾಳೆ. ವನಸ್ಪತಿ ಡಬ್ಬಿ ತೆಗೆದುಕೊಂಡವರಿಗೆ ಪಾಸು. ನೆಲ್ಲಿ ಎರಡು ಡಬ್ಬಿ ತಂದು, “ಬನ್ನಿ ಗುಲಾಬಕ್ಕ, ಮಣ್ಣಗುಡ್ಡೆಗೆ ಹೋಗುವ ಮೊದಲು ಒಂದು ಸಲ ನಗಾಡಿ ಬರುವ” ಎಂದಳು.

ಅವಳನ್ನು ನೋಡಿ ನಗಾಡಲು ಹೋಗುವುದಾದರೆ ಆಗಬಹುದು.

ಮಾರ್ಚ್ 3, ಶನಿವಾರ

ಇವತ್ತಿನದ್ದನ್ನು ಮಲಗುವ ಮೊದಲು ಬರೆದು ಮುಗಿಸುತ್ತೇನೆ.

ಟಾಕೀಸಿನ ಪರದೆಯ ಎದುರು ಮೇಜು, ಎರಡು ಸ್ಟವ್, ಸಾಲಾಗಿ ವನಸ್ಪತಿ ಡಬ್ಬಿ. ಗ್ಲ್ಯಾಡಿಸ್ ಮುತ್ತಿನ ಸರ ಹಾಕಿಕೊಂಡು ಬಂದಳು. ನನ್ನ ವಯಸ್ಸೇ ಇರಬೇಕು. ನಾನು ಮೂರನೆಯ ಸಾಲಿನಲ್ಲಿದ್ದೆ, ಅವಳ ಮೊಣಕೈವರೆಗೆ ಸುಟ್ಟ ಕಲೆಗಳು ಕಾಣುತ್ತಿದ್ದವು. ಅದನ್ನು ನೋಡಿ ಸ್ವಲ್ಪ ಮರ್ಯಾದೆ ಹುಟ್ಟಿತು. ಬರೇ ಬಾಯಿಯ ಅಡಿಗೆಯವಳಲ್ಲ.

ಕೇಕು ಮಾಡಿದಳು, ಪಲಾವು ಮಾಡಿದಳು. ಕೊನೆಗೆ, “ಈಗ ನನ್ನ ತವರಿಗೆ ನನ್ನ ಕಾಣಿಕೆ, ‘ಬಂಗುಡೆ ಸರ್‌ಪ್ರೈಸ್’” ಎಂದಳು. ಮೆಣಸು, ಹುಳಿ, ಶುಂಠಿ. ನಮ್ಮ ಪುಳಿಮುಂಚಿ. ನೆಲ್ಲಿ ನನ್ನ ಸೊಂಟಕ್ಕೆ ತಿವಿದಳು. ಕೋರಿ ರೊಟ್ಟಿ ಹೋದ ದಾರಿಯಲ್ಲಿ ಇದೂ ಹೋಗಲಿ.

ಪಾತ್ರೆ ಇಳಿಸಿದಳು. ಒಂದು ಗಾಜಿನ ಬಾಟಲಿ ಎತ್ತಿ ಹಿಡಿದಳು. “ಇದು ನನ್ನ ಗುಟ್ಟು. ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿಯ ನೀರು. ಒಲೆಯಿಂದ ಇಳಿಸಿದ ಮೇಲೆ ಒಂದೇ ಸೌಟು. ನನ್ನ ಸ್ವಂತ ಶೋಧನೆ.” ಸುರಿದಳು, ತಿರುಗಿಸಿದಳು. ಆಮೇಲೆ ಸೌಟಿನಿಂದ ಪಾತ್ರೆಯ ಬಾಯಿಗೆ ಎರಡು ಸಲ ಬಡಿದಳು.

ನಮ್ಮವರ ಬಡಿತ ಅದು. ಹೋದ ಮಾರ್ಚಿನ ನಂತರ ನಾನು ಕೇಳಿರದ ಶಬ್ದ.

ಎಲ್ಲ ಮುಗಿದು ಹೆಂಗಸರು ಸಹಿ ಹಾಕಿಸಿಕೊಳ್ಳಲು ಮುತ್ತಿಕೊಂಡರು. ನಾನು ಜನ ಕರಗುವವರೆಗೆ ಕಾದು ಮೇಜಿನ ಹತ್ತಿರ ಹೋದೆ. ನೆಲ್ಲಿ ಹಿಂದೆ ಸೆರಗು ಎಳೆಯುತ್ತಿದ್ದಳು, ಜಗಳವಾಗುತ್ತದೆಂದು.

“ಆ ನೀರು ನಿಮಗೆ ಕೊಟ್ಟದ್ದು ಯಾರು?”

ಅವಳು ನನ್ನನ್ನೇ ನೋಡಿದಳು. “ನೀವು ಬಂದರಿನ ಶೀನಪ್ಪನವರ ಮನೆಯವರಾ?”

“ಹೌದು.”

“ನಾಲ್ಕೈದು ವರ್ಷ ಆಯ್ತು. ನಿಮ್ಮಲ್ಲಿ ಊಟ ಮಾಡಿದೆ. ಅಂಥ ಸಾರು ಬಾಂಬೆಯಲ್ಲೂ ಸಿಗ್ಲಿಲ್ಲ ನನಗೆ. ಕೇಳಿ ಕೇಳಿ ಪೀಡಿಸಿದ ಮೇಲೆ ಅವರು ಹಿಂದೆ ಕರ್ಕೊಂಡು ಹೋಗಿ ಭರಣಿ ತೋರಿಸಿದ್ರು. ಹೇಗಿದ್ದಾರೆ?”

“ಹೋದರು. ನಾಳೆ ಬಿಟ್ಟು ಮುಂದಿನ ಆದಿತ್ಯವಾರಕ್ಕೆ ವರ್ಷ.”

ಅವಳು ಸೌಟು ಕೆಳಗಿಟ್ಟಳು.

“ನನಗೆ ಯಾಕೆ ಹೇಳಲಿಲ್ಲ ಅವರು? ನೀವು ಕೇಳಿದಿರಾ?” ಎಂದೆ.

“ಕೇಳಿದೆ. ‘ಅಡಿಗೆ ಅವಳದ್ದು, ನಾನು ನೀರು ಮಾತ್ರ ಹಾಕುವುದು. ಅವಳ ಕೈಯಲ್ಲಿ ಉಪ್ಪು ಸ್ವಲ್ಪ ಹಿಂದೆ. ಹೇಳಿದ್ರೆ ಬೇಜಾರಾಗ್ತಾಳೆ’ ಅಂದ್ರು.” ಮತ್ತೆ ತಗ್ಗಿದ ಧ್ವನಿಯಲ್ಲಿ, “ಸ್ಟೇಜಿನಲ್ಲಿ ನನ್ನದು ಅಂದದ್ದು ತಪ್ಪು. ಕಂಪೆನಿಯವರಿಗೆ ಪ್ರತಿ ಊರಿನಲ್ಲಿ ಒಂದು ಶೋಧನೆ ಬೇಕು. ಬರುವ ಸಲ ಅವರ ಹೆಸರು ಹೇಳ್ತೇನೆ.”

“ಬೇಡ,” ಎಂದೆ. “ಇಷ್ಟು ವರ್ಷ ನಾನೂ ನನ್ನದೇ ಎಂದು ಹೇಳಿಕೊಂಡು ಬಂದವಳು.”

ಹೊರಗೆ ಬಂದ ಮೇಲೆ ಸಿಟ್ಟು ಬಂತು. ಅವಳ ಮೇಲಲ್ಲ, ಇವರ ಮೇಲೆ. ಉಪ್ಪು ಹಿಂದೆಯಂತೆ! ದಾರಿಯಲ್ಲಿ ಸಿಕ್ಕಿದ ಹೆಂಗಸಿಗೆ ಹೇಳಿದವರು ಒಟ್ಟಿಗೆ ಮಲಗಿದವಳಿಗೆ ಹೇಳಲಿಲ್ಲ. “ಸರಿ ಉಂಟು” ಎಂದು ದಿನಾ ಸುಳ್ಳು. ದಾರಿಯುದ್ದಕ್ಕೂ ಗಟ್ಟಿಯಾಗಿ ಬೈದೆ.

ಮಾರ್ಚ್ 4, ಆದಿತ್ಯವಾರ

ಭರಣಿ ಬಚ್ಚಲಿನ ಪಕ್ಕದ ಕತ್ತಲೆ ಮೂಲೆಯಲ್ಲೇ ಇತ್ತು. ಬೆಳಗಿನ ಗಂಜಿಗೆ ಅವರು ಹಾಕಿಟ್ಟುಕೊಂಡ ಮಾವಿನಕಾಯಿ ಎಂದುಕೊಂಡು ನಾನು ಮುಟ್ಟಿರಲಿಲ್ಲ. ಒಂದು ಗಂಜಿ ಉಣ್ಣುವವರಿಗೆ ಅಷ್ಟು ದೊಡ್ಡ ಭರಣಿ ಯಾಕೆ ಎಂದು ಕೇಳಿದವಳೂ ಅಲ್ಲ. ಮುಚ್ಚಳ ತೆಗೆದೆ. ಕಾಯಿ ಎಲ್ಲ ಮುಗಿದಿವೆ. ತಳದಲ್ಲಿ ನೀರು ಉಂಟು.

ಮೂಸಿದೆ. ಅವರ ಬನಿಯನ್ನಿಗೆ ಈ ವಾಸನೆ ಇರುತ್ತಿತ್ತು. ಸೆಕೆಯ ಬೆವರು ಎಂದು ಒಗೆಯುತ್ತಿದ್ದೆ.

ಕುಳಿತು ಅತ್ತೆ. ಅವರು ಹೋದ ದಿನವೂ ಹೀಗೆ ಅತ್ತಿದ್ದಿಲ್ಲ. ಆಗ ಬಂದವರಿಗೆ ಕಾಫಿ ಮಾಡಬೇಕಿತ್ತು.

ಮಾರ್ಚ್ 8, ಗುರುವಾರ

ಪೆರ್ನಾಲ್, ನೋಂಬು ಮುಗಿದ ಹಬ್ಬ. ಮುಮ್ತಾಝ್ ಬಿರಿಯಾನಿ ಕಳುಹಿಸಿದಳು. ನೆಲ್ಲಿಗೆ ನಿನ್ನೆಯಿಂದ ತಪಸ್ಸುಕಾಲ, ಮಾಂಸ ಮುಟ್ಟುವುದಿಲ್ಲ. ಅವಳ ಪಾಲೂ ನನಗೇ ಬಂತು. ಎರಡು ಸಲ ಬಡಿಸಿಕೊಂಡೆ, ಯಾಕೋ ಹಸಿವು. ಲವಂಗ ಹಲ್ಲಿಗೆ ಸಿಕ್ಕಿ ಕಿರಿಕಿರಿಯಾಯಿತು.

ಚಿತ್ತರಂಜನ ಬಂದು ಎದುರಿನ ಕೋಣೆಯ ಅಳತೆ ತೆಗೆದುಕೊಂಡು ಹೋದ. ಅಂಗಡಿಯ ಬೋರ್ಡು ಬರೆಸಲು ಸೋಮವಾರ ಪೈಂಟರನ್ನು ಕರೆದುಕೊಂಡು ಬರುತ್ತಾನಂತೆ.

ಮಾರ್ಚ್ 11, ಆದಿತ್ಯವಾರ

ಇವತ್ತು ನಮ್ಮವರಿಗೆ ವರ್ಷದ ಎಲೆ ಬಳಸಿದೆವು.

ಬೆಳಿಗ್ಗೆಯೇ ಮೊಯ್ದೀನಬ್ಬ ತಾಜಾ ಬಂಗುಡೆ ಕೊಟ್ಟುಹೋದರು, ಮಧ್ಯಾಹ್ನ ಬರುತ್ತೇನೆ ಎಂದರು. 'ಉಪ್ಪು ಹಿಂದೆ' ಎಂಬ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ಸತ್ತ ಮೇಲಾದರೂ ಸರಿಯಾದ ಉಪ್ಪಿನ ಅಡಿಗೆ ಉಣ್ಣಲಿ ಎಂದು ಮುಮ್ತಾಝಳ ಅಳತೆಯಲ್ಲಿ ಒಂದು ಹನಿ ಬಿಡದೆ ಹಾಕಿದೆ. ಮೂಸಿದೆ, ಹುಳಿ ಎದ್ದು ಬಂತು. ಪಾತ್ರೆ ಇಳಿಸಿ ಭರಣಿಯ ನೀರು ಒಂದು ಸೌಟು ಸುರಿದೆ. ಎರಡು ಸಲ ಬಡಿದೆ. ಸತ್ತವರಿಗೆ ಬಳಸುವ ಅಡಿಗೆಯನ್ನು ಮೊದಲು ಯಾರೂ ರುಚಿ ನೋಡುವಂತಿಲ್ಲ, ಹಾಗಾಗಿ ನೆಲ್ಲಿಗೂ ಕೊಡಲಿಲ್ಲ.

ಒಳಕೋಣೆಯಲ್ಲಿ ಬಾಳೆಲೆ ಹಾಕಿ ಅನ್ನ, ಪುಳಿಮುಂಚಿ, ಕೋರಿ, ದೋಸೆ ಬಳಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಚಿತ್ತರಂಜನ, ಸ್ನೇಹಲತಾ, ನೆಲ್ಲಿ, ನಾನು. ಹೊರಗಿನ ಬೆಂಚಿನಲ್ಲಿ ಮೊಯ್ದೀನಬ್ಬ. ಒಳಗೆ ನಮ್ಮವರು ಉಂಡು ಮುಗಿಸುವಷ್ಟು ಹೊತ್ತು ಕಾದು, ಚಿತ್ತರಂಜನ ಕೆಮ್ಮಿ ಬಾಗಿಲು ತೆರೆದ.

ಆಮೇಲೆ ನಮ್ಮ ಊಟ. ಮೊಯ್ದೀನಬ್ಬ ಮೊದಲ ತುತ್ತಿಗೇ ಕಣ್ಣು ಮುಚ್ಚಿ, “ಯಾ ಅಲ್ಲಾ, ಶೀನಣ್ಣ” ಎಂದರು. ಆಮೇಲೆ ಎರಡು ಲೋಟ ನೀರು ಕುಡಿದರು. ಚಿತ್ತರಂಜನನೂ ಅನ್ನ ಬಡಿಸಿಕೊಂಡು ಬಡಿಸಿಕೊಂಡು ಕಲಸುತ್ತಿದ್ದ. ಯಾರೂ ಮಾತಾಡಲಿಲ್ಲ. ಸತ್ತವರಿಗೆ ಬಳಸಿದ ಅಡಿಗೆಗೆ ಹೆಸರಿಡಬಾರದೆಂದು ಇರಬೇಕು.

ನಾನು ಒಂದು ತುತ್ತು ಉಂಡೆ.

“ಇದೆಂತ ಇಷ್ಟು ಉಪ್ಪು? ಬಾಯಿಗೆ ಇಡ್ಲಿಕ್ಕೆ ಆಗುವುದಿಲ್ಲ. ನೀವೆಲ್ಲ ಹೇಗೆ ತಿನ್ತಾ ಇದ್ದೀರಿ?”

ನೆಲ್ಲಿ ಕೈಯಲ್ಲಿದ್ದ ತುತ್ತು ಎಲೆಗೆ ಬಿಟ್ಟಳು. ನನ್ನನ್ನೇ ನೋಡುತ್ತ ಜೋರಾಗಿ ಅಳಲು ಸುರುಮಾಡಿದಳು. ಚಿತ್ತರಂಜನ ಎದ್ದು ಕೈ ತೊಳೆಯದೆ ಅಂಗಳಕ್ಕೆ ಹೋಗಿ ಬೆನ್ನು ಹಾಕಿ ನಿಂತ. ಇವರಿಗೆಲ್ಲ ಎಂತಾಯಿತೋ ಗೊತ್ತಿಲ್ಲ. ಅಡಿಗೆಗೆ ಉಪ್ಪು ಜಾಸ್ತಿಯಾದರೆ ಬೈಯುವುದುಂಟು, ಅಳುವವರನ್ನು ನಾನು ಇವತ್ತೇ ನೋಡಿದ್ದು.

ಅವನು ಹೋಗುವಾಗ, “ನಾಳೆ ಪೈಂಟರ್ ಬರುವುದಿಲ್ಲ ಮಾಮಿ” ಎಂದ. ಒಳ್ಳೆಯದಾಯಿತು, ಸೋಮವಾರ ಮೀನು ಜಾಸ್ತಿ ಬರುವ ದಿನ, ಆ ಗಲಾಟೆಯಲ್ಲಿ ಪೈಂಟಿನ ವಾಸನೆ ಬೇರೆ ಬೇಡ.

ತಪ್ಪು ಎಲ್ಲಿ ಎಂದು ಪಾತ್ರೆ ತೊಳೆಯುವಾಗ ಗೊತ್ತಾಯಿತು. ಅವರ ನೀರು ಬೀಳುವುದಿದ್ದರೆ ನನ್ನ ಕೈಯ ಹಳೆಯ ಅಳತೆಯೇ ಸರಿ. ನಾಳೆ ಉಪ್ಪು ಸ್ವಲ್ಪ ಹಿಂದೆಯೇ ಇರಲಿ. ಭರಣಿಯ ನೀರು ಹೆಚ್ಚು ದಿನಕ್ಕೆ ಬರುವುದಿಲ್ಲ, ಎಳೆ ಮಾವಿನಕಾಯಿ ಪೇಟೆಗೆ ಬಂದಿದೆಯೋ ಎಂದು ನೆಲ್ಲಿಯ ಹತ್ತಿರ ಕೇಳಬೇಕು.